ಸವೆದ ಬೆರಳು, ಕದ್ದ ಬೆರಳು

2023ರ ಮಳೆಗಾಲ ಮುಗಿಯುವ ಹೊತ್ತಿಗೆ ಮಂಗಳೂರಿನಲ್ಲಿ ಜನರ ಬ್ಯಾಂಕ್ ಖಾತೆಯಿಂದ ಹಣ ಮಾಯವಾಗತೊಡಗಿತು. ಯಾರೂ ಒಟಿಪಿ ಹೇಳಿರಲಿಲ್ಲ. ಯಾವ ಲಿಂಕನ್ನೂ ಒತ್ತಿರಲಿಲ್ಲ. ಎಟಿಎಂ ಕಾರ್ಡು ಪರ್ಸಿನಲ್ಲೇ ಇತ್ತು. ಆದರೂ ಹಣ ಡ್ರಾ ಆದ ಮೆಸೇಜ್ ಬಂದಿತ್ತು. ದೂರು ಕೊಟ್ಟವರಲ್ಲಿ ಹಲವರು ಸ್ವಲ್ಪ ಸಮಯದ ಹಿಂದಷ್ಟೇ ಜಾಗವೋ ಮನೆಯೋ ರಿಜಿಸ್ಟ್ರೇಷನ್ ಮಾಡಿಸಿಕೊಂಡವರು. ಆ ಕಾಗದದಲ್ಲಿ ಅವರ ಹೆಬ್ಬೆರಳಿನ ಗುರುತಿತ್ತು, ಆಧಾರ್ ಸಂಖ್ಯೆಯೂ ಇತ್ತು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ಕಾಗದ ಇಳಿಸಿಕೊಂಡು, ಬೆರಳಚ್ಚಿನ ನಕಲು ಮಾಡಿ, ಎಲ್ಲೋ ದೂರದಲ್ಲಿ ಕೂತು ಆಧಾರ್ ಮೂಲಕ ಹಣ ತೆಗೆದಿದ್ದಾರೆ ಎಂಬುದು ಪೊಲೀಸರ ತನಿಖೆಯಲ್ಲಿ ಹೊರಬಂತು. ಬಿಹಾರದ ಆರೋಪಿಗಳ ಬಂಧನವೂ ಆಯಿತು.

ಅದೇ ವರ್ಷ, ಅದೇ ಮಳೆಗಾಲದಲ್ಲಿ, ಕಾರ್ಕಳ ಕಡೆಯ ನಮ್ಮ ಊರಿನಲ್ಲಿ ನನ್ನ ಅಜ್ಜಿ ರೇಷನ್ ಅಂಗಡಿಯಿಂದ ಖಾಲಿ ಚೀಲ ಹಿಡಿದು ವಾಪಸ್ ಬಂದರು. ಯಂತ್ರ ಅವರ ಬೆರಳನ್ನು ಒಪ್ಪಲಿಲ್ಲ. ಹೆಬ್ಬೆರಳು ಆಯಿತು, ತೋರುಬೆರಳು ಆಯಿತು, ಸೆರಗಿನಲ್ಲಿ ಒರೆಸಿ ಮತ್ತೊಮ್ಮೆ ಆಯಿತು. ಅಂಗಡಿಯವರು ಒಳ್ಳೆಯವರೇ. ಹಿಂದೆ ಇಪ್ಪತ್ತು ಜನ ಕಾಯುತ್ತಿದ್ದರೂ ಆರೇಳು ಸಲ ಪ್ರಯತ್ನಿಸಿದರು. ಕೊನೆಗೆ "ಅಜ್ಜಿ, ಇವತ್ತು ಆಗುದಿಲ್ಲ, ನಾಳೆ ಬೆಳಿಗ್ಗೆ ಬೇಗ ಬನ್ನಿ" ಎಂದರು. ಮನೆಗೆ ಬಂದು ಅಜ್ಜಿ ಬೆರಳು ನೋಡಿಕೊಳ್ಳುತ್ತಾ ಹೇಳಿದ್ದು ಇಷ್ಟೇ: "ದಾದ ಮಲ್ಪುನಿ ಮಗಾ." ಏನು ಮಾಡುವುದು ಮಗಾ.

ನಾನು ಸಾರ್ವಜನಿಕ ನೀತಿ ಓದುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿ. ತಂತ್ರಜ್ಞಾನ ಸಮಾಜಕ್ಕೆ ಏನು ಮಾಡುತ್ತದೆ ಎಂಬುದು ನನ್ನ ಆಸಕ್ತಿಯ ವಿಷಯ. ಕ್ಲಾಸಿನಲ್ಲಿ ಗೆಳೆಯರು ಕೃತಕ ಬುದ್ಧಿಮತ್ತೆ, ಡ್ರೋನ್, ಡೀಪ್‌ಫೇಕ್ ಎನ್ನುತ್ತಾರೆ. ಅವೂ ದೊಡ್ಡ ವಿಷಯಗಳೇ. ಆದರೆ ನನ್ನ ಮನಸ್ಸು ಈ ಬೆರಳಿನ ಹತ್ತಿರವೇ ನಿಂತುಬಿಟ್ಟಿದೆ. ಸ್ವಂತ ಬೆರಳು ಇಟ್ಟ ಅಜ್ಜಿಗೆ ಯಂತ್ರ "ನೀನು ನೀನಲ್ಲ" ಎಂದಿತು. ನಕಲಿ ಬೆರಳು ಇಟ್ಟ ಕಳ್ಳನಿಗೆ "ಹೌದು, ನೀನೇ" ಎಂದಿತು. ಎರಡೂ ಆಧಾರ್ ಎಂಬ ಒಂದೇ ವ್ಯವಸ್ಥೆಯಲ್ಲಿ ಆದದ್ದು. ಇದು ಹೇಗೆ ಸಾಧ್ಯ?

ಯಂತ್ರ ಕೆಟ್ಟಿತ್ತು ಎಂದು ಹೇಳಿ ಮುಗಿಸಬಹುದು. ಆದರೆ ಎರಡೂ ಕಡೆ ಯಂತ್ರ ತನಗೆ ಹೇಳಿಕೊಟ್ಟ ಕೆಲಸವನ್ನೇ ಮಾಡಿತ್ತು.

ಬೆರಳು ಇಟ್ಟಾಗ ಏನಾಗುತ್ತದೆ ಎಂದು ಮೊದಲು ನೋಡೋಣ. ಬೆರಳ ತುದಿಯಲ್ಲಿ ಸಣ್ಣ ಸಣ್ಣ ಏಣುಗಳಿವೆ. ಅವು ಎಲ್ಲಿ ನಿಲ್ಲುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬುದನ್ನು ಯಂತ್ರ ಗುರುತು ಹಾಕಿಕೊಳ್ಳುತ್ತದೆ. ಆಧಾರ್ ಮಾಡಿಸಿದ ದಿನ ಕೊಟ್ಟ ಗುರುತುಗಳ ಜೊತೆ ಅದನ್ನು ಹೋಲಿಸುತ್ತಾರೆ. ಎರಡು ಸಲ ಇಟ್ಟ ಒಂದೇ ಬೆರಳು ಕೂಡ ಪೂರ್ತಿ ಒಂದೇ ಥರ ಬರುವುದಿಲ್ಲ. ಒತ್ತಿದ ರೀತಿ ಬೇರೆ, ಬೆವರು ಬೇರೆ, ಧೂಳು ಬೇರೆ. ಹಾಗಾಗಿ ಯಂತ್ರಕ್ಕೆ ಸಿಗುವುದು "ಇಷ್ಟು ಹೋಲುತ್ತದೆ" ಎಂಬ ಅಂಕ ಮಾತ್ರ. ಎಷ್ಟು ಅಂಕ ಬಂದರೆ ಪಾಸು ಎಂದು ಯಾರೋ ಒಬ್ಬರು ಮೊದಲೇ ತೀರ್ಮಾನಿಸಿರುತ್ತಾರೆ.

ಮಲ್ಪೆಯಲ್ಲಿ ಬಲೆ ಕೆಲಸ ಮಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಲೆಯ ಕಣ್ಣು ಚಿಕ್ಕದಾದರೆ ಮರಿ ಮೀನೂ ಸಿಕ್ಕಿಬೀಳುತ್ತದೆ. ದೊಡ್ಡದಾದರೆ ಬೇಕಾದ ಮೀನೂ ನುಸುಳಿ ಹೋಗುತ್ತದೆ. ಎರಡನ್ನೂ ಒಟ್ಟಿಗೆ ತಪ್ಪಿಸುವ ಬಲೆ ಇಲ್ಲ. ಬೆರಳಚ್ಚಿನಲ್ಲೂ ಹಾಗೆಯೇ. ಪಾಸ್ ಅಂಕ ಇಳಿಸಿದರೆ ಅಜ್ಜಿಗೆ ಅಕ್ಕಿ ಸಿಗುತ್ತದೆ, ಕಳ್ಳನಿಗೂ ದಾರಿ ಸಲೀಸು. ಏರಿಸಿದರೆ ಕಳ್ಳನಿಗೆ ಕಷ್ಟ, ಅಜ್ಜಿಗೂ ಕಷ್ಟ. ಒಳ್ಳೆಯ ಸ್ಕ್ಯಾನರ್ ತಂದರೆ ಎರಡೂ ತಪ್ಪು ಸ್ವಲ್ಪ ಕಡಿಮೆ ಆಗಬಹುದು, ಸೊನ್ನೆ ಆಗುವುದಿಲ್ಲ. ನಕಲಿ ಬೆರಳು ಹಿಡಿಯಲು ಆಧಾರ್ ಪ್ರಾಧಿಕಾರ 2023ರ ಫೆಬ್ರವರಿಯಲ್ಲಿ ಹೊಸ ತಂತ್ರ ತಂದಿತು. ಏಣುಗಳ ಗುರುತಿನ ಜೊತೆಗೆ ಬೆರಳಿನ ಚಿತ್ರವನ್ನೂ ನೋಡಿ, ಇದು ಜೀವಂತ ಬೆರಳೇ ಎಂದು ಪರೀಕ್ಷಿಸುವ ವ್ಯವಸ್ಥೆ ಅದು. ಒಳ್ಳೆಯ ಹೆಜ್ಜೆಯೇ. ಆದರೆ ಪ್ರತಿಯೊಂದು ಹೊಸ ಪರೀಕ್ಷೆಯೂ ಸವೆದ ಬೆರಳು ದಾಟಬೇಕಾದ ಇನ್ನೊಂದು ತಡೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಲ್ವಾ?

ನಮ್ಮ ಕರಾವಳಿಯಲ್ಲಿ ಸವೆದ ಬೆರಳುಗಳು ಜಾಸ್ತಿ. ಇದನ್ನು ಹೇಳಲು ಸಮೀಕ್ಷೆ ಬೇಡ, ಇಲ್ಲಿನ ಕಸುಬುಗಳನ್ನು ನೋಡಿದರೆ ಸಾಕು. ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ಎಷ್ಟೋ ಮನೆಗಳು ನಡೆದದ್ದೇ ಬೀಡಿಯಿಂದ. ನನ್ನ ಅಜ್ಜಿ ನಲವತ್ತು ವರ್ಷ ಬೀಡಿ ಕಟ್ಟಿದರು. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು, ಎಲೆ ನೆನೆಸಿ, ಕತ್ತರಿಸಿ, ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಕೂತರೆ ಬೆರಳ ತುದಿಗಳು ದಿನವಿಡೀ ಎಲೆಯ ಮೇಲೆ ಉಜ್ಜುತ್ತಲೇ ಇರುತ್ತವೆ. ಬೀಡಿ ಸುತ್ತಬೇಕು, ತುದಿ ಮಡಚಿ ಒತ್ತಬೇಕು, ನೂಲು ಕಟ್ಟಬೇಕು. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಕೈ ನಿಲ್ಲಿಸಿದರೆ ದುಡ್ಡೂ ನಿಲ್ಲುತ್ತದೆ. ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸರದ್ದು ಇನ್ನೊಂದು ಕಥೆ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನೇ ಸುಡುತ್ತದೆ. ದಕ್ಕೆಯಲ್ಲಿ (ಮೀನು ಇಳಿಸುವ ಬಂದರಿನಲ್ಲಿ) ಮೀನು ವಿಂಗಡಿಸುವವರ ಕೈ ಬೆಳಗಿನ ಜಾವದಿಂದ ಮಂಜುಗಡ್ಡೆಯಲ್ಲಿ, ಉಪ್ಪುನೀರಿನಲ್ಲಿ. ಅಡಿಕೆ ಸುಲಿಯುವವರು, ರಬ್ಬರ್ ಟ್ಯಾಪಿಂಗ್ ಮಾಡುವವರು, ಕಲ್ಲು ಕೋರೆಯವರು. ಮೇಲಿಂದ ವಯಸ್ಸು. ವಯಸ್ಸಾದಂತೆ ಚರ್ಮ ಒಣಗುತ್ತದೆ, ಏಣುಗಳು ಚಪ್ಪಟೆಯಾಗುತ್ತವೆ.

ಅಂದರೆ ಯಂತ್ರದ ತಪ್ಪು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಕೀಬೋರ್ಡ್ ಒತ್ತಿ ದುಡಿಯುವ ನನ್ನಂಥವರ ಬೆರಳು ಮೊದಲ ಸಲಕ್ಕೇ ಪಾಸಾಗುತ್ತದೆ. ಆದರೆ ನನಗೆ ಬೆರಳು ಇಡುವ ಪ್ರಸಂಗ ಬರುವುದೇ ವರ್ಷಕ್ಕೆ ಒಂದೋ ಎರಡೋ ಸಲ, ಸಿಮ್ ತಗೊಳ್ಳುವಾಗ. ಪ್ರತಿ ತಿಂಗಳೂ ಬೆರಳು ಇಡಲೇಬೇಕಾದವರು ಕೈಯಿಂದ ದುಡಿದವರು. ಯಾರಿಗೆ ಬೆರಳು ಹೆಚ್ಚು ಬೇಕೋ ಅವರ ಬೆರಳೇ ಹೆಚ್ಚು ಸವೆದಿರುವುದು.

ಇದರಲ್ಲಿ ನನ್ನನ್ನು ತುಂಬಾ ಕಾಡುವುದು ಪಿಂಚಣಿಯ ವಿಷಯ. ಬೀಡಿ ಕಾರ್ಮಿಕರಿಗೆ 1966ರಲ್ಲೇ ಕಾನೂನು ಬಂದಿತ್ತು, ಪಿಎಫ್ ಇದೆ, ಅದರ ಜೊತೆಗೆ ಪಿಂಚಣಿಯೂ ಇದೆ. ಕನಿಷ್ಠ ಪಿಂಚಣಿ 2014ರಿಂದ ತಿಂಗಳಿಗೆ 1,000 ರೂಪಾಯಿ. ಅದು ನಿಲ್ಲದೆ ಬರಬೇಕಾದರೆ ವರ್ಷಕ್ಕೊಮ್ಮೆ "ನಾನು ಬದುಕಿದ್ದೇನೆ" ಎಂದು ಸಾಬೀತು ಮಾಡಬೇಕು. 2014ರ ನವೆಂಬರ್‌ನಲ್ಲಿ ಜೀವನ ಪ್ರಮಾಣ ಎಂಬ ಡಿಜಿಟಲ್ ವ್ಯವಸ್ಥೆ ಬಂತು. ಬೆರಳು ಇಟ್ಟರೆ ಆಯಿತು, ಕಚೇರಿಗೆ ಕಾಗದ ಹೊತ್ತು ಹೋಗಬೇಕಿಲ್ಲ. ಒಳ್ಳೆಯ ಉದ್ದೇಶ. ಎಷ್ಟೋ ನಿವೃತ್ತರಿಗೆ ಇದರಿಂದ ಓಡಾಟ ತಪ್ಪಿದೆ. ಆದರೆ ಬೀಡಿ ಕಟ್ಟಿಯೇ ಬೆರಳು ಸವೆಸಿಕೊಂಡ ಹೆಂಗಸು, ಆ ಬೀಡಿಯ ಪಿಂಚಣಿ ಪಡೆಯಲು ಅದೇ ಬೆರಳಿನಿಂದ ತಾನು ಜೀವಂತ ಎಂದು ಒಪ್ಪಿಸಬೇಕಾಯಿತು. ಮುಖ ತೋರಿಸಿ ಪ್ರಮಾಣ ಕೊಡುವ ದಾರಿ ಬಂದದ್ದು 2021ರ ನವೆಂಬರ್ ಕೊನೆಗೆ. ನಡುವೆ ಏಳು ವರ್ಷ.

ಹಾಗಾದರೆ ಇದನ್ನೆಲ್ಲ ತಂದದ್ದೇ ತಪ್ಪಾ? ನಾನು ಹಾಗೆ ಹೇಳುವುದಿಲ್ಲ. ರೇಷನ್ ಕಾರ್ಡಿನಲ್ಲಿ ಸತ್ತವರ ಹೆಸರು, ಇಲ್ಲದವರ ಹೆಸರು, ಒಬ್ಬರ ಹೆಸರಲ್ಲೇ ಎರಡು ಕಾರ್ಡು ಇದ್ದದ್ದು ಎಲ್ಲರಿಗೂ ಗೊತ್ತು. ಬಡವರ ಅಕ್ಕಿ ಕಾಳಸಂತೆಗೆ ಹೋಗುತ್ತಿತ್ತು. ಅದನ್ನು ತಡೆಯಬೇಕಿತ್ತು. ಆದರೆ ಬೆರಳು ತಡೆಯುವುದು ಒಂದು ಬಗೆಯ ಕಳ್ಳತನವನ್ನು ಮಾತ್ರ. ಬೇರೆಯವರ ಹೆಸರಲ್ಲಿ ಅಕ್ಕಿ ಒಯ್ಯುವುದಕ್ಕೆ ಅದು ತಡೆ. ಬೆರಳು ಇಡಿಸಿಕೊಂಡು ತೂಕದಲ್ಲಿ ಒಂದು ಕೆಜಿ ಕಡಿಮೆ ಕೊಟ್ಟರೆ ಯಂತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ಅದರ ಲೆಕ್ಕದಲ್ಲಿ ಪೂರ್ತಿ ಅಕ್ಕಿ ಹೋಗಿದೆ.

ಯಂತ್ರ ಎಷ್ಟು ಸಲ ತಪ್ಪುತ್ತದೆ? 2016–17ರ ಕೇಂದ್ರದ ಆರ್ಥಿಕ ಸಮೀಕ್ಷೆಯೇ ಒಂದಿಷ್ಟು ಅಂದಾಜು ಕೊಟ್ಟಿತ್ತು. ದೃಢೀಕರಣ ವಿಫಲವಾದ ಪ್ರಮಾಣ ಜಾರ್ಖಂಡ್‌ನಲ್ಲಿ ಶೇ 49, ರಾಜಸ್ಥಾನದಲ್ಲಿ ಶೇ 37, ಗುಜರಾತ್‌ನಲ್ಲಿ ಶೇ 6. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಆಧಾರ್ ಪ್ರಾಧಿಕಾರ, ಸರ್ಕಾರಿ ಸೇವೆಗಳಲ್ಲಿ ಯಶಸ್ಸು ಶೇ 88 ಎಂದಿತು. ಉಳಿದ ಶೇ 12 ಜನರಿಗೆ ಸೌಲಭ್ಯ ಸಿಕ್ಕಿಲ್ಲ ಎಂದು ಇದರ ಅರ್ಥವಲ್ಲ. ಒಂದು ಸಲ ಆಗದವರಿಗೆ ಮೂರನೇ ಸಲ ಆಗಬಹುದು, ಮನೆಯ ಬೇರೆ ಸದಸ್ಯರ ಬೆರಳು ನಡೆಯಬಹುದು, ಒಟಿಪಿ ಬರಬಹುದು. ಈ ಸಮಜಾಯಿಷಿ ಸರಿಯೇ. ಆದರೆ ಮೂರನೇ ಸಲಕ್ಕೆ ಆಗುವುದು ಎಂದರೆ ಊರಲ್ಲಿ ಏನು? ಒಂದು ದಿನದ ಕೆಲಸ ಹೋಯಿತು, ಆಟೋಗೆ ಎರಡು ಸಲ ಬಾಡಿಗೆ ಕೊಟ್ಟಾಯಿತು, ಮಗನನ್ನು ಕೆಲಸ ಬಿಡಿಸಿ ಕರೆದುಕೊಂಡು ಹೋದದ್ದಾಯಿತು. ಈ ಖರ್ಚು ಯಾವ ಇಲಾಖೆಯ ಲೆಕ್ಕದಲ್ಲೂ ಬರುವುದಿಲ್ಲ. ಅಲ್ಲಿ ಕಾಣುವುದು ಕೊನೆಗೆ ಬಂದ ಹಸಿರು ಟಿಕ್ ಒಂದೇ.

ಶೇಕಡಾವಾರು ನೋಡುವಾಗ ಇನ್ನೊಂದನ್ನೂ ಮರೆಯುತ್ತೇವೆ. ಕರ್ನಾಟಕದಲ್ಲಿ ಆಹಾರ ಭದ್ರತಾ ಕಾಯ್ದೆಯ ಅಡಿ ಬರುವವರು ಸುಮಾರು 4 ಕೋಟಿ. ನೂರಕ್ಕೆ ಒಬ್ಬರಿಗೆ ತೊಂದರೆ ಎಂದುಕೊಂಡರೂ 4 ಲಕ್ಷ ಜನ. 2011ರ ಜನಗಣತಿಯಲ್ಲಿ ಇಡೀ ಉಡುಪಿ ಜಿಲ್ಲೆಯ ಜನಸಂಖ್ಯೆ 11.77 ಲಕ್ಷ. ಅದರ ಮೂರನೇ ಒಂದು ಭಾಗದಷ್ಟು ಜನ ಖಾಲಿ ಚೀಲ ಹಿಡಿದು ನಿಂತಂತೆ.

ಹಾಗಾದರೆ ತಂತ್ರಜ್ಞಾನ ಒಳ್ಳೆಯದೋ ಕೆಟ್ಟದ್ದೋ? ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ ಎಂದು ನನಗೆ ಅರ್ಥವಾದದ್ದು ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ. ಎರಡನ್ನೂ ಮಾಡಿದವರು ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್, ಸಂದೀಪ್ ಸುಖ್ತಾಂಕರ್ ಎಂಬ ಅರ್ಥಶಾಸ್ತ್ರಜ್ಞರು. ಮೊದಲನೆಯದು ಅವಿಭಜಿತ ಆಂಧ್ರಪ್ರದೇಶದ್ದು, 2016ರಲ್ಲಿ ಪ್ರಕಟವಾಯಿತು. ಉದ್ಯೋಗ ಖಾತರಿ ಕೂಲಿ ಮತ್ತು ಪಿಂಚಣಿಗೆ ಬೆರಳಚ್ಚಿನ ಸ್ಮಾರ್ಟ್‌ಕಾರ್ಡ್ ತಂದಿದ್ದರು. 158 ಮಂಡಲಗಳಲ್ಲಿ, ಸುಮಾರು 1.9 ಕೋಟಿ ಜನರಿರುವ ಪ್ರದೇಶದಲ್ಲಿ ಅದನ್ನು ಪರೀಕ್ಷಿಸಿದರು. ಕೂಲಿ ಬೇಗ ಕೈಗೆ ಬಂತು. ಉದ್ಯೋಗ ಖಾತರಿಯ ಸೋರಿಕೆ, ಅಂದರೆ ಜನರ ಕೈಸೇರದೆ ನಡುವೆಯೇ ಹೋಗುವ ದುಡ್ಡು, ಶೇ 41ರಷ್ಟು ಇಳಿಯಿತು. ಜನರೂ ಮೆಚ್ಚಿದರು.

ಎರಡನೆಯದು ಜಾರ್ಖಂಡ್‌ನ ರೇಷನ್ ಅಂಗಡಿಗಳದ್ದು. ಅಲ್ಲಿಯೂ ಬೆರಳು, ಇಲ್ಲಿಯೂ ಬೆರಳು. ಆದರೆ ಜಾರ್ಖಂಡ್‌ನಲ್ಲಿ ಬೆರಳು ಕಡ್ಡಾಯ ಮಾಡಿದ್ದರಿಂದಲೇ ಸೋರಿಕೆ ಕಡಿಮೆಯಾದದ್ದು ಕಾಣಲಿಲ್ಲ. ಅಕ್ಕಿ ತರುವ ಖರ್ಚು, ಓಡಾಟ ಸ್ವಲ್ಪ ಹೆಚ್ಚಾಯಿತು. ಆಧಾರ್ ಜೋಡಣೆ ಆಗದಿದ್ದ ಕುಟುಂಬಗಳಿಗೆ ಸಿಗುತ್ತಿದ್ದದ್ದು ಶೇ 10ರಷ್ಟು ಕಡಿಮೆಯಾಯಿತು. ಮುಂದೆ ಯಂತ್ರದ ದಾಖಲೆ ನೋಡಿ ಅಂಗಡಿಗೆ ಕೊಡುವ ದಾಸ್ತಾನು ಕಡಿತ ಮಾಡಿದಾಗ ಸೋರಿಕೆಯೇನೋ ಇಳಿಯಿತು. ಆದರೆ ಅದರ ಜೊತೆ ಅರ್ಹರಿಗೆ ಸಿಗುವುದೂ ಇಳಿಯಿತು.

ತಂತ್ರ ಹೆಚ್ಚುಕಮ್ಮಿ ಒಂದೇ ಆಗಿದ್ದರೂ ಫಲ ಯಾಕೆ ಬೇರೆ? ಆಂಧ್ರದಲ್ಲಿ ಬೆರಳು ಆಗದಿದ್ದರೂ ದುಡ್ಡು ಕೊಡುವ ದಾರಿ ತೆರೆದಿಟ್ಟಿದ್ದರು. ಎರಡು ವರ್ಷದ ನಂತರವೂ ಸುಮಾರು ಅರ್ಧದಷ್ಟು ಪಾವತಿ ಮಾತ್ರ ಹೊಸ ವ್ಯವಸ್ಥೆಯ ಮೂಲಕ ನಡೆಯುತ್ತಿತ್ತು, ಉಳಿದದ್ದು ಹಳೆಯ ರೀತಿ. ಬೆರಳನ್ನು ಅವರು ಕಡ್ಡಾಯದ ಗೇಟ್ ಮಾಡಲಿಲ್ಲ. ಜನರಿಗೆ ಕೂಲಿ ಸರಿಯಾಗಿ ತಲುಪಿಸುವುದು ಆಂಧ್ರದ ಮೊದಲ ಗುರಿಯಾಗಿತ್ತು. ಜಾರ್ಖಂಡ್‌ನಲ್ಲಿ ಉಳಿತಾಯ ಮೊದಲ ಗುರಿಯಾಗಿತ್ತು. ಯಂತ್ರ ತಪ್ಪಿದಾಗ ಒಂದು ಕಡೆ ನಷ್ಟವನ್ನು ಸರ್ಕಾರ ಹೊತ್ತಿತು, ಇನ್ನೊಂದು ಕಡೆ ಬಡವರು ಹೊತ್ತರು. ಪಾಸ್ ಅಂಕ ಎಷ್ಟಿರಬೇಕು ಎಂಬುದು ಎಂಜಿನಿಯರ್‌ಗಳ ವಿಷಯ ಎಂದು ನಾವು ಸುಮ್ನೆ ಬಿಟ್ಟುಬಿಡುತ್ತೇವೆ. ಆದರೆ ತಪ್ಪಾದಾಗ ಯಾರು ಹೊರಬೇಕು ಎಂಬ ತೀರ್ಮಾನ ಪೂರ್ತಿಯಾಗಿ ರಾಜಕೀಯದ್ದು, ಆಡಳಿತದ್ದು. ಅದನ್ನು ಯಂತ್ರದ ಒಳಗೆ ಇಟ್ಟುಬಿಟ್ಟರೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ನಮ್ಮ ಜಿಲ್ಲೆಗಳಿಗೆ ಈ ವಿಷಯ ಹೊಸದಲ್ಲ. ಒಂದು ಕಾಲದಲ್ಲಿ ಬಡವರಿಗೂ ಬ್ಯಾಂಕಿಗೂ ನಡುವಿನ ದೂರವನ್ನು ದಾಟಲು ಹೊಸ ವ್ಯವಸ್ಥೆ ಹುಡುಕಿದ್ದು ಇದೇ ಉಡುಪಿ. 1925ರಲ್ಲಿ ಇಲ್ಲಿ ಶುರುವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟ್ ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯನ್ನೂ ತೆಗೆದುಕೊಂಡು ಹೋಗುತ್ತಿದ್ದರು. ಈಗ ಆ ಬ್ಯಾಂಕ್ ಇಲ್ಲ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ನಮ್ಮ ಸೊಸೈಟಿಗಳಲ್ಲಿ ಇನ್ನೂ ಇದೆ. ಅಜ್ಜಿಯ ಹತ್ತಿರ ಹಳೆಯ ಪಿಗ್ಮಿ ಪುಸ್ತಕ ಒಂದಿದೆ. ಕಟ್ಟಿದ ದುಡ್ಡಿನ ಎದುರು ಏಜೆಂಟರ ಸಣ್ಣ ಸಹಿ. ಲೆಕ್ಕ ತಪ್ಪಿದರೆ ಪುಸ್ತಕ ತೋರಿಸಿ ಕೇಳಬಹುದಿತ್ತು, ಕೇಳಲು ಒಬ್ಬ ಮನುಷ್ಯರಿದ್ದರು. ಮೋಸ ಮಾಡಿದ ಏಜೆಂಟರೂ ಎಲ್ಲೋ ಇದ್ದಿರಬಹುದು. ಹಾಗಾಗಿ ಹಳೆಯದೆಲ್ಲ ಚಂದ ಎಂದು ನಾನು ಹೇಳುವುದಿಲ್ಲ. ಆದರೆ ವಾದ ಮಾಡಲು ಬೇಕಾದ ಸಾಕ್ಷಿ ಅಜ್ಜಿಯ ಕೈಯಲ್ಲಿತ್ತು. ಇವತ್ತು ರೇಷನ್ ಅಂಗಡಿಯಲ್ಲಿ ಬೆರಳು ಆಗದೆ ವಾಪಸ್ ಬರುವವರ ಕೈಗೆ ಒಂದು ಚೀಟಿಯೂ ಸಿಗುವುದಿಲ್ಲ. ಬಂದಿದ್ದರು, ಸಿಗಲಿಲ್ಲ ಎಂಬುದಕ್ಕೆ ಅವರ ಬಳಿ ಯಾವ ಪುರಾವೆಯೂ ಇಲ್ಲ.

ಕಳ್ಳನ ಬೆರಳಿಗೆ ಮತ್ತೆ ಬರೋಣ. ಅಲ್ಲಿ ಆದದ್ದನ್ನು ಸೈಬರ್ ಅಪರಾಧ ಎಂದು ಕರೆದು ಮುಂದೆ ಹೋಗುವುದು ಸುಲಭ. ಆದರೆ ಆ ಬಾಗಿಲು ತೆರೆದದ್ದು ಎರಡು ಕಾನೂನುಗಳು ಕೂಡುವ ಜಾಗದಲ್ಲಿ. ಆಸ್ತಿ ನೋಂದಣಿ ನಡೆಯುವುದು 1908ರ ಕಾಯ್ದೆಯಲ್ಲಿ. ಆಸ್ತಿಯ ದಾಖಲೆ ಯಾರು ಬೇಕಾದರೂ ನೋಡುವಂತಿರಬೇಕು ಎಂಬುದು ಅದರ ಆಶಯ. ಜಾಗ ಕೊಳ್ಳುವವರು ಮೋಸ ಹೋಗಬಾರದು ಅಲ್ವಾ, ಅದಕ್ಕೆ. 2001ರ ತಿದ್ದುಪಡಿಯಲ್ಲಿ ದಾಖಲೆಗೆ ಫೋಟೋ ಮತ್ತು ಬೆರಳಚ್ಚು ಕಡ್ಡಾಯವಾಯಿತು. ಆಗ ಬೆರಳಚ್ಚಿನಿಂದ ಯಾವ ಬ್ಯಾಂಕ್ ಖಾತೆಯೂ ತೆರೆಯುತ್ತಿರಲಿಲ್ಲ. ಆಮೇಲೆ ಆಧಾರ್ ಬಂತು, ಬೆರಳಿನಿಂದ ಹಣ ತೆಗೆಯುವ ಎಇಪಿಎಸ್ ಬಂತು. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು, ಇಷ್ಟು ಇದ್ದರೆ ಸಾಕು. ಪಿನ್ ಬೇಡ, ಒಟಿಪಿ ಬೇಡ. ಆಧಾರ್ ಸಂಖ್ಯೆಯನ್ನಾಗಲಿ ಬೆರಳಚ್ಚನ್ನಾಗಲಿ ಬಹಿರಂಗ ಮಾಡಬಾರದು ಎಂದು 2016ರ ಆಧಾರ್ ಕಾಯ್ದೆ ಹೇಳುತ್ತದೆ. ಒಂದು ಕಾನೂನು ತೆರೆದಿಡು ಎನ್ನುತ್ತದೆ, ಇನ್ನೊಂದು ಮುಚ್ಚಿಡು ಎನ್ನುತ್ತದೆ. ಎರಡೂ ಒಂದೇ ಕಾಗದದ ಮೇಲೆ ಕೂತಿದ್ದವು. ದಾಖಲೆ ಕಪಾಟಿನಲ್ಲಿ ಇರುವವರೆಗೆ ತೊಂದರೆ ಆಗಲಿಲ್ಲ. ಕಂಪ್ಯೂಟರಿಗೆ ಏರಿಸಿದ ದಿನ ಸಾವಿರಾರು ಬೆರಳುಗಳು ಒಟ್ಟಿಗೆ ಬೀದಿಗೆ ಬಂದವು. ಮಂಗಳೂರಿನ ಪ್ರಕರಣಗಳ ನಂತರ ಇಂಥ ಮಾಹಿತಿ ಮರೆಮಾಡುವ ಕ್ರಮ ಶುರುವಾಯಿತು. ಆದರೆ ಒಮ್ಮೆ ಹೊರಗೆ ಹೋದ ಪಾಸ್‌ವರ್ಡ್ ಬದಲಾಯಿಸಬಹುದು, ಹೆಬ್ಬೆರಳು ಬದಲಾಯಿಸಲು ಬರುವುದಿಲ್ಲ.

ಆಗ ಎಲ್ಲರಿಗೂ ಸಿಕ್ಕ ಸಲಹೆ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ, ಅಂದರೆ ನಿಮ್ಮ ಬೆರಳಚ್ಚು ಎಲ್ಲೂ ನಡೆಯದಂತೆ ಆಧಾರ್‌ನಲ್ಲೇ ಬೀಗ ಹಾಕಿಕೊಳ್ಳಿ ಎಂಬುದು. ನಾನೂ ಲಾಕ್ ಮಾಡಿಕೊಂಡೆ. ಆ್ಯಪ್ ತೆರೆದೆ, ಒಟಿಪಿ ಹಾಕಿದೆ, ಎರಡು ನಿಮಿಷದ ಕೆಲಸ. ಆಮೇಲೆ ಅಜ್ಜಿಯದ್ದೂ ಮಾಡೋಣ ಎಂದು ಕೂತೆ, ಅಲ್ಲಿಗೆ ನಿಂತೆ. ಅವರ ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿಲ್ಲ. ಜೋಡಿಸಿ ಲಾಕ್ ಮಾಡಿದರೂ ಮುಂದಿನ ತಿಂಗಳು ರೇಷನ್‌ಗೆ ಹೋದಾಗ ಅದೇ ಬೆರಳು ಬೇಕು. ಪ್ರತಿ ಸಲ ಆ್ಯಪ್ ತೆರೆದು ಅನ್‌ಲಾಕ್ ಮಾಡಿ, ಅಂಗಡಿಗೆ ಓಡಿ, ಬೆರಳು ಇಡಬೇಕು. ಅಂದರೆ ಬೆರಳಿಗೆ ಬೀಗ ಹಾಕುವ ಅವಕಾಶ ಇರುವುದು ಬೆರಳು ಅಷ್ಟಾಗಿ ಬೇಡದವರಿಗೆ. ಬೆರಳನ್ನೇ ನಂಬಿ ಬದುಕುವವರು ಬಾಗಿಲು ತೆರೆದೇ ಇಟ್ಟುಕೊಳ್ಳಬೇಕು. ನನ್ನ ಓದಿನಲ್ಲಿ ಸಿಕ್ಕ ಯಾವ ಸಿದ್ಧಾಂತಕ್ಕಿಂತಲೂ ಆ ಸಂಜೆ ಅಜ್ಜಿಯ ಪಕ್ಕ ಮೊಬೈಲ್ ಹಿಡಿದು ಕೂತದ್ದು ನನಗೆ ಹೆಚ್ಚು ಹೇಳಿಕೊಟ್ಟಿತು.

ಹಣ ಹೋದವರ ನಷ್ಟ ಯಾರು ತುಂಬಬೇಕು? ಇಲ್ಲಿ ಒಂದು ಒಳ್ಳೆಯ ನಿಯಮ ಇದೆ, ಜನರಿಗೆ ಗೊತ್ತಿಲ್ಲ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರದ್ದೂ ಬ್ಯಾಂಕಿನದ್ದೂ ತಪ್ಪಿಲ್ಲದೆ ಹೊರಗಿನ ಯಾರೋ ಮಾಡಿದ ವಂಚನೆಯಾದರೆ, ಬ್ಯಾಂಕಿನಿಂದ ಮೆಸೇಜ್ ಬಂದ 3 ಕೆಲಸದ ದಿನಗಳ ಒಳಗೆ ಗ್ರಾಹಕರು ಬ್ಯಾಂಕಿಗೆ ತಿಳಿಸಿದರೆ ಅವರ ಮೇಲೆ ನಷ್ಟ ಬೀಳಬಾರದು. ಸೈಬರ್ ವಂಚನೆಗೆ 1930 ಸಂಖ್ಯೆಗೆ ಕೂಡಲೇ ಫೋನ್ ಮಾಡಬೇಕು. ಆದರೆ ಮೊಬೈಲ್ ಮೆಸೇಜ್ ಓದಲು ಬಾರದ, ತಿಂಗಳಿಗೊಮ್ಮೆ ಪಾಸ್‌ಬುಕ್ ಬರೆಸುವ ಹೆಂಗಸಿಗೆ 3 ದಿನದಲ್ಲಿ ಗೊತ್ತಾಗುವುದು ಹೇಗೆ? ಇನ್ನು 2023ರ ಆಗಸ್ಟ್‌ನಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಮಾಹಿತಿ ಸೋರಿಕೆಗೆ 250 ಕೋಟಿ ರೂಪಾಯಿವರೆಗೂ ದಂಡ ಹಾಕಬಹುದು. ಕೇಳಲು ದೊಡ್ಡ ಮೊತ್ತ. ಆದರೆ ಆ ದಂಡ ಹೋಗುವುದು ಸರ್ಕಾರದ ಸಂಚಿತ ನಿಧಿಗೆ. ಮಾಹಿತಿ ಕಳೆದುಕೊಂಡವರಿಗೆ ಪರಿಹಾರ ಕೊಡಿ ಎಂಬ ಮಾತು ಈ ಕಾಯ್ದೆಯಲ್ಲಿ ಇಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮವರೇ ಹಾಕಿದ ಕೇಸಿನಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಪ್ರಶ್ನಿಸಿ 2012ರಲ್ಲಿ ಕೋರ್ಟಿಗೆ ಹೋಗಿದ್ದರು. ಆಗಲೇ ಅವರಿಗೆ ಎಂಬತ್ತು ದಾಟಿತ್ತು. 2018ರ ಸೆಪ್ಟೆಂಬರ್ 26ರಂದು ಬಂದ ಆಧಾರ್ ತೀರ್ಪಿನಲ್ಲಿ 4 ನ್ಯಾಯಮೂರ್ತಿಗಳು ಸಬ್ಸಿಡಿ, ರೇಷನ್‌ಗೆ ಆಧಾರ್ ಇರಬಹುದು ಎಂದರು. ಭಿನ್ನ ತೀರ್ಪು ಕೊಟ್ಟ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ವಾದದ ತಿರುಳು ನನಗೆ ಹತ್ತಿರದ್ದು. ಒಬ್ಬ ವ್ಯಕ್ತಿಯ ಘನತೆ, ಹಕ್ಕು ಲೆಕ್ಕಾಚಾರದ ಸಂಭವನೀಯತೆಯ ಮೇಲೆ ನಿಲ್ಲಬಾರದು ಎಂದು ಅವರು ಬರೆದರು. ಇದೇ ಕೇಸಿನಲ್ಲಿ ಇನ್ನೊಂದು ಸಣ್ಣ ವಿಷಯವೂ ತೀರ್ಮಾನವಾಯಿತು. ಆಧಾರ್ ಕಾಯ್ದೆಯ ಉಲ್ಲಂಘನೆಯಾದರೆ ಕೋರ್ಟಿಗೆ ದೂರು ಕೊಡುವ ಅಧಿಕಾರ ಮೊದಲು ಪ್ರಾಧಿಕಾರಕ್ಕೆ ಮಾತ್ರ ಇತ್ತು. ನೊಂದ ವ್ಯಕ್ತಿಗೂ ಆ ಅವಕಾಶ ಬೇಕು ಎಂದು ಕೋರ್ಟ್ ಹೇಳಿತು, 2019ರಲ್ಲಿ ತಿದ್ದುಪಡಿಯಾಯಿತು. ತನ್ನ ಬೆರಳಿನ ಬಗ್ಗೆ ತಾನೇ ದೂರು ಕೊಡಲು ಮೂರು ವರ್ಷ ಕಾಯಬೇಕಾಯಿತು.

ಮುಂದೇನು? ಬೆರಳಿನ ಜಾಗಕ್ಕೆ ಈಗ ಮುಖ ಬರುತ್ತಿದೆ. ಪಿಂಚಣಿಗೆ ಬಂದಾಗಿದೆ. ಅಂಗನವಾಡಿಯಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರಕ್ಕೆ 2025ರ ಜುಲೈನಿಂದ ಮುಖ ಗುರುತು ಕಡ್ಡಾಯ. ಬೀಡಿ ಕಟ್ಟಿದವರ ಬೆರಳಿಗೆ ಹೋಲಿಸಿದರೆ ಮುಖ ವಾಸಿ. ಆದರೆ ಮುಖಕ್ಕೂ ಪಾಸ್ ಅಂಕ ಇದ್ದೇ ಇರುತ್ತದೆ, ಅದೂ ತಪ್ಪುತ್ತದೆ. ನೆಟ್‌ವರ್ಕ್ ಬೇಕು, ಬೆಳಕು ಬೇಕು. ನಮ್ಮ ಕಡೆ ಜೂನ್, ಜುಲೈಯಲ್ಲಿ ಎರಡೂ ಕಷ್ಟ. ಅದೇ ಎರಡು ತಿಂಗಳು, ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ದಕ್ಕೆಯ ಮನೆಗಳಲ್ಲಿ ಕೈಯಲ್ಲಿ ದುಡ್ಡಿರುವುದಿಲ್ಲ, ರೇಷನ್ ಅಕ್ಕಿಯೇ ಆಧಾರ. ಯಂತ್ರ ಹೆಚ್ಚು ಕೈಕೊಡುವ ಕಾಲವೂ, ಅಕ್ಕಿ ಹೆಚ್ಚು ಬೇಕಾದ ಕಾಲವೂ ಇಲ್ಲಿ ಒಂದೇ. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತು ನಿಯಮ ಬರೆಯುವವರಿಗೆ ಇದು ಹೊಳೆಯುವುದು ಕಷ್ಟ. ಕುಚ್ಚಲಕ್ಕಿ ಉಣ್ಣುವ ಊರಿಗೆ ವರ್ಷಗಟ್ಟಲೆ ಬೆಳ್ತಿಗೆ (ಕುದಿಸದ ಬಿಳಿ) ಅಕ್ಕಿ ಕಳಿಸಿದ ವ್ಯವಸ್ಥೆ ಇದು. ಊರಿನಿಂದ ನಾವೇ ಹೇಳಬೇಕು.

ಎಇಪಿಎಸ್ ಸೌಲಭ್ಯ ಕೇಳಿದವರಿಗೆ ಮಾತ್ರ ಶುರು ಮಾಡಬೇಕು, ತಾನಾಗಿಯೇ ತೆರೆದಿರಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ. ಹಣ ಕೊಡುವ ಏಜೆಂಟರನ್ನು ಸರಿಯಾಗಿ ಪರಿಶೀಲಿಸಿ, ನಿಗಾ ಇಡಿ ಎಂದು ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೇಳಿತು, 2026ರ ಜನವರಿಯಿಂದ ಜಾರಿ. ತಡವಾದರೂ ಬೇಕಿತ್ತು. ಒಟಿಪಿ ಎಂಬ ಪರ್ಯಾಯ ಅಜ್ಜಿಯಂಥವರಿಗೆ ಪರ್ಯಾಯವೇ ಅಲ್ಲ, ಮೊಬೈಲ್ ಮಗನ ಜೇಬಿನಲ್ಲಿ ಮುಂಬೈಯಲ್ಲಿ ಇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಪರಿಹಾರ ಕಾಗದದ ಮೇಲೆ ಆಗಲೇ ಇದೆ. 2017ರ ಸೆಪ್ಟೆಂಬರ್‌ನಲ್ಲಿ ಜಾರ್ಖಂಡ್‌ನ ಸಿಮ್‌ಡೇಗಾದಲ್ಲಿ 11 ವರ್ಷದ ಒಬ್ಬ ಹುಡುಗಿ ತೀರಿಕೊಂಡಳು. ಅವಳ ಮನೆಯ ರೇಷನ್ ಕಾರ್ಡ್ ಆಧಾರ್ ಜೋಡಣೆಯಾಗದೆ ರದ್ದಾಗಿತ್ತು. ದೇಶವೆಲ್ಲ ಸುದ್ದಿಯಾಯಿತು. ಅಕ್ಟೋಬರ್ 24ರಂದು ಕೇಂದ್ರ ಸುತ್ತೋಲೆ ಹೊರಡಿಸಿತು. ಆಧಾರ್ ಇಲ್ಲ, ಬೆರಳು ಆಗುತ್ತಿಲ್ಲ, ನೆಟ್‌ವರ್ಕ್ ಇಲ್ಲ ಎಂಬ ಕಾರಣಕ್ಕೆ ಯಾರಿಗೂ ರೇಷನ್ ನಿರಾಕರಿಸಬಾರದು. ಬೆರಳು ಆಗದಿದ್ದರೆ ಆಧಾರ್ ಕಾರ್ಡ್ ನೋಡಿ ಅಕ್ಕಿ ಕೊಡಬೇಕು. ಹಾಗೆ ಕೊಟ್ಟದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಅಧಿಕಾರಿಗಳು ಆಗಾಗ ಆ ಪುಸ್ತಕ ತಪಾಸಣೆ ಮಾಡಬೇಕು.

ಅಜ್ಜಿಗೆ ಈ ಸುತ್ತೋಲೆಯ ವಿಷಯ ಗೊತ್ತಿರಲಿಲ್ಲ. ಅಂಗಡಿಯವರಿಗೂ ಯಾರೂ ಸರಿಯಾಗಿ ಹೇಳಿದಂತಿಲ್ಲ. ಬೆರಳಿಲ್ಲದೆ ಕೊಟ್ಟರೆ ನನ್ನ ಮೇಲೆ ಕೇಸಾಗುತ್ತದೆ ಎಂದು ಅವರಿಗೆ ಭಯ. ಆ ಭಯವೂ ಸುಳ್ಳಲ್ಲ. ಇಂಥ ಪುಸ್ತಕ ಪ್ರತಿ ಅಂಗಡಿಯಲ್ಲಿ ಇದ್ದು, ಅದರ ಲೆಕ್ಕ ತಿಂಗಳಿಗೊಮ್ಮೆ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿದರೆ, ಬೀಡಿ ಕಟ್ಟುವ ಊರಲ್ಲಿ ಎಷ್ಟು ಬೆರಳು ಸೋಲುತ್ತವೆ ಎಂಬುದು ಮೊದಲ ಬಾರಿಗೆ ನಮಗೆಲ್ಲ ಕಾಣುತ್ತದೆ.

ಈಗ ಅಜ್ಜಿಯ ರೇಷನ್‌ಗೆ ಅತ್ತೆ ಬೆರಳು ಕೊಡುತ್ತಾರೆ. ಅತ್ತೆಯೂ ಬೀಡಿ ಕಟ್ಟುವವರೇ, ಕಳೆದ ತಿಂಗಳು ಅವರದ್ದು ಮೂರನೇ ಸಲಕ್ಕೆ ತಗೊಂಡಿತಂತೆ. ಈ ರಜೆಯಲ್ಲಿ ಊರಿಗೆ ಹೋದಾಗ ಆ ಸುತ್ತೋಲೆಯ ಕನ್ನಡ ಅನುವಾದ ಮಾಡಿ ಎರಡು ಪ್ರತಿ ಒಯ್ಯುತ್ತೇನೆ. ಒಂದು ಅಂಗಡಿಯವರಿಗೆ, ಒಂದು ಪಂಚಾಯಿತಿಗೆ. ಆಮೇಲೆ ಆ ಪುಸ್ತಕ ಎಲ್ಲಿದೆ ಎಂದು ಕೇಳುತ್ತೇನೆ.